ಮೂರು ಮನೆಯ ‘ಹೌದು’: ಸಲುಗೆಯ ಒಪ್ಪಿಗೆಗೆ ಪದಬಂಧದ ಸುಳಿವುಗಳು

ಮೂಲೆಮನೆ:
ಎಲ್ಲರಿಗೂ ನಮಸ್ಕಾರ. ಕನ್ನಡ ಪದಬಂಧ ಬಿಡಿಸಿ ಅಭ್ಯಾಸ ಇದೆ. ಇತ್ತೀಚೆಗೆ ಅಮೆರಿಕದ ಪತ್ರಿಕೆಗಳ ಇಂಗ್ಲಿಷ್ ಕ್ರಾಸ್‌ವರ್ಡ್ ಶುರು ಮಾಡಿದ್ದೇನೆ. ಒಂದೇ ಜಾತಿಯ ಸುಳಿವು ಮತ್ತೆ ಮತ್ತೆ ಕಾಡುತ್ತಿದೆ. ‘ಇನ್‌ಫಾರ್ಮಲ್ ಅಗ್ರೀಮೆಂಟ್’ ಅಂತಲೋ ‘ಕ್ಯಾಶುಯಲ್ ಯೆಸ್’ ಅಂತಲೋ ಇರುತ್ತದೆ. ಮೂರು ಮನೆ. ಮೊದಲನೆಯದು ವೈ, ಕೊನೆಯದು ಪಿ. ನಡುವೆ ಇ ಹಾಕಿದರೆ ‘ಯೆಪ್’, ಯು ಹಾಕಿದರೆ ‘ಯಪ್’. ಎರಡೂ ಪದಗಳೇ, ಅರ್ಥವೂ ಒಂದೇ. ಇದನ್ನು ತೀರ್ಮಾನ ಮಾಡೋದು ಹೇಗೆ? ಊಹೆಯೇ ಗತಿಯಾ, ಏನಾದರೂ ಲೆಕ್ಕಾಚಾರ ಇದೆಯಾ?

ಕರಿಚೌಕ:
ಊಹೆ ಬೇಡ. ನಡುವಿನ ಮನೆಯನ್ನು ಖಾಲಿ ಬಿಟ್ಟು ಮುಂದೆ ಹೋಗಿ. ಅಮೆರಿಕದ ಶೈಲಿಯಲ್ಲಿ ಪ್ರತಿ ಅಕ್ಷರವೂ ಎರಡು ಪದಗಳಿಗೆ ಸೇರಿರುತ್ತದೆ, ಒಂದು ಅಡ್ಡ, ಒಂದು ಉದ್ದ. ಯಾವ ಮನೆಯೂ ಒಂಟಿಯಾಗಿ ಇರುವಂತಿಲ್ಲ. ಮೂರು ಅಕ್ಷರಕ್ಕಿಂತ ಚಿಕ್ಕ ಪದವನ್ನೂ ಒಪ್ಪುವುದಿಲ್ಲ. ಹಾಗಾಗಿ ನಡುವಿನ ಅಕ್ಷರದಿಂದ ಕೆಳಗೆ ಹೊರಟ ಪದವೇ ತೀರ್ಪು ಕೊಡುತ್ತದೆ. ಆ ಪದ ‘ಕಾಲಘಟ್ಟ’ ಅನ್ನುವ ಅರ್ಥದ ‘ಎರಾ’ ಆದರೆ ಅಲ್ಲಿ ಇ. ಬೂದಿ ಇಡುವ ಕಲಶ, ‘ಅರ್ನ್’ ಆದರೆ ಯು.

ಕೆಲವು ಸಲ ಉದ್ದದ ಪದವೂ ಎರಡು ರೀತಿ ಕೂರುತ್ತದೆ. ಪಿ-ಇ-ಎನ್ ಆದರೆ ಪೆನ್, ಪಿ-ಯು-ಎನ್ ಆದರೆ ಶ್ಲೇಷೆ. ಆಗ ಆ ಪದದ ಸುಳಿವು ಓದಿದರೆ ಸಾಕು, ಬರೆಯುವ ಸಾಧನವೋ ಮಾತಿನ ಚಮತ್ಕಾರವೋ ತಿಳಿಯುತ್ತದೆ. ಅಲ್ಲಿಯೂ ತಿಳಿಯಲಿಲ್ಲ ಅಂದರೆ ತಪ್ಪು ಬಿಡಿಸುವವರದ್ದಲ್ಲ, ಕಟ್ಟಿದವರದ್ದು.

ಮೂಲೆಮನೆ:
ಅರ್ಥ ಆಯ್ತು ಸರ್. ಆದರೆ ‘ಯೆಸ್’ ಕೂಡ ಮೂರಕ್ಷರವೇ ಅಲ್ವಾ? ಅದು ಯಾಕೆ ಬರಬಾರದು?

ಕರಿಚೌಕ:
ಒಳ್ಳೆಯ ಪ್ರಶ್ನೆ. ಇಡೀ ವಿಷಯದ ತಿರುಳು ಇಲ್ಲೇ ಇದೆ. ಸುಳಿವಿನಲ್ಲಿ ‘ಇನ್‌ಫಾರ್ಮಲ್’ ಅಂತ ಬಂದ ತಕ್ಷಣ ‘ಯೆಸ್’ ಹೊರಗೆ ಹೋಯಿತು. ಸುಳಿವು ಯಾವ ಧಾಟಿಯಲ್ಲಿದೆಯೋ ಉತ್ತರವೂ ಅದೇ ಧಾಟಿಯಲ್ಲಿರಬೇಕು. ಸಲುಗೆಯ ಮಾತು ಅಂದರೆ ಸಲುಗೆಯ ಪದ. ಹಡಗಿನವರ ಅಥವಾ ಸ್ಕಾಟ್‌ಲೆಂಡ್‌ನವರ ಹೌದು ಅಂದರೆ ‘ಐ’, ಎ-ವೈ-ಇ. ಮತ ಹಾಕುವಾಗಿನ ಹಳೆಯ ಹೌದು ಅಂದರೆ ವೈ-ಇ-ಎ. ಅದಕ್ಕೆ ಕೊನೆಯಲ್ಲಿ ಎಚ್ ಸೇರಿದರೆ ನಾಲ್ಕಕ್ಷರದ ‘ಯೆಯಾ’, ಬೀದಿಯ ಮಾತು. ಒಂದು ಎಚ್‌ನಲ್ಲಿ ಸಭೆಯಿಂದ ಬೀದಿಗೆ ಇಳಿದುಬಿಡುತ್ತದೆ.

ಉದ್ಧರಣ ಚಿಹ್ನೆಯ ಒಳಗೆ ಸುಳಿವು ಬಂದರೆ ಇನ್ನೊಂದು ನಿಯಮ. ‘ಯು ಗಾಟ್ ಇಟ್’ ಅಂತ ಚಿಹ್ನೆಯ ಒಳಗೆ ಇದ್ದರೆ, ಆ ಮಾತಿನ ಜಾಗದಲ್ಲಿ ಬಾಯಲ್ಲಿ ಬರಬಹುದಾದ ಇನ್ನೊಂದು ಮಾತನ್ನು ಹುಡುಕಬೇಕು. ಶೂರ್, ಓಕೆ, ಯು ಬೆಟ್, ಹೀಗೆ. ‘ನೀ ಹೇಳಿದ್ದು ನಿಜ’ ಅನ್ನುವ ಭಾವ ಇದ್ದರೆ ‘ಆಮೆನ್’ ಕೂಡ ಬರುತ್ತದೆ. ಮದುವೆ ಮಂಟಪದ ಒಪ್ಪಿಗೆ ಅಂದರೆ ‘ಐ ಡೂ’. ಅದನ್ನು ಜಾಗ ಬಿಡದೆ ಮೂರು ಮನೆಯಲ್ಲಿ ಬರೆಯುತ್ತಾರೆ.

ರಬ್ಬರ್‌ಪೆನ್ಸಿಲ್:
ಕರಿಚೌಕ ಅವರೇ, ಹೊಸಬರು ಜಾಸ್ತಿ ಬೀಳುವ ಗುಂಡಿ ಒಂದಿದೆ, ಅದನ್ನೂ ಹೇಳಿಬಿಡೋಣ. ‘ಅಗ್ರೀಮೆಂಟ್’ ಅನ್ನುವುದು ನಾಮಪದ. ಅದು ಕರಾರೂ ಆಗಬಹುದು, ಬಾಯಿಮಾತಿನ ಹೌದೂ ಆಗಬಹುದು. ನಾಲ್ಕು ಮನೆ ಇದ್ದರೆ ‘ಪ್ಯಾಕ್ಟ್’, ‘ಡೀಲ್’ ಎರಡೂ ಬಾಗಿಲಲ್ಲಿ ನಿಂತಿರುತ್ತವೆ.

ಇದನ್ನೇ ಬಳಸಿ ಒಂದು ಸೊಗಸಾದ ಆಟ ಆಡುತ್ತಾರೆ. ‘ಪ್ಯಾರಿಸ್ ಅಗ್ರೀಮೆಂಟ್’ ಅಂತ ಸುಳಿವು, ಮೂರು ಮನೆ. ಓದಿದವರ ತಲೆ ನೇರವಾಗಿ 2015ರ ಹವಾಮಾನ ಒಪ್ಪಂದಕ್ಕೆ ಹೋಗುತ್ತದೆ. ಉತ್ತರ ‘ವೀ’, ಓ-ಯು-ಐ, ಪ್ಯಾರಿಸ್‌ನ ಜನ ಹೌದು ಅನ್ನುವ ರೀತಿ. ಮ್ಯಾಡ್ರಿಡ್ ಬಂದರೆ ‘ಸೀ’, ಬರ್ಲಿನ್ ಬಂದರೆ ‘ಯಾ’, ಮಾಸ್ಕೋ ಬಂದರೆ ‘ದಾ’. ಈ ಮೂರೂ ಇಂಗ್ಲಿಷ್ ಲಿಪಿಯಲ್ಲಿ ಎರಡೇ ಅಕ್ಷರದವು, ಆದ್ದರಿಂದ ಅಮೆರಿಕದ ಚೌಕದಲ್ಲಿ ಒಂಟಿಯಾಗಿ ನಿಲ್ಲುವುದಿಲ್ಲ. ಬ್ರಿಟಿಷ್ ಶೈಲಿಯ ಕ್ರಿಪ್ಟಿಕ್‌ನಲ್ಲಿ, ಅಂದರೆ ಉತ್ತರವನ್ನು ಮಾತಿನ ಆಟದಲ್ಲಿ ಬಚ್ಚಿಡುವ ಪದಬಂಧದಲ್ಲಿ, ದೊಡ್ಡ ಪದದ ತುಂಡುಗಳಾಗಿ ಬರುತ್ತವೆ. ‘ದಿ ಹಿಂದೂ’ ಕ್ರಿಪ್ಟಿಕ್ ಬಿಡಿಸುವವರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿ ‘ಒಪ್ಪಿಗೆ’ ಅಂತ ಕಂಡರೆ ಕೈ ತಾನಾಗಿಯೇ ಓಕೆ, ದಾ, ಸೀ ಅಂತ ಅಂಚಿನಲ್ಲಿ ಗೀಚಿಕೊಳ್ಳುತ್ತದೆ.

ಹೊಸಕೈ:
ಇಂಥ ಚಿಕ್ಕ ಪದಗಳು ಅಷ್ಟೊಂದು ಬರೋದು ಯಾಕೆ? ಕಟ್ಟುವವರಿಗೆ ಬೇರೆ ಪದ ಸಿಗೋದಿಲ್ವಾ? ನನಗಂತೂ ಸುಮ್ನೆ ಜಾಗ ತುಂಬಿದ ಹಾಗೆ ಕಾಣುತ್ತದೆ.

ಕರಿಚೌಕ:
ಜಾಗ ತುಂಬುತ್ತವೆ, ನಿಜ. ಆದರೆ ಸುಮ್ನೆ ಅಲ್ಲ. ದಿನದ ಚೌಕ ಹದಿನೈದಕ್ಕೆ ಹದಿನೈದು, ಭಾನುವಾರದ್ದು ಇಪ್ಪತ್ತೊಂದಕ್ಕೆ ಇಪ್ಪತ್ತೊಂದು. ಕಪ್ಪು ಮನೆಗಳ ವಿನ್ಯಾಸ ಅರ್ಧ ಸುತ್ತು ತಿರುಗಿಸಿದರೂ ಹಾಗೇ ಕಾಣಬೇಕು. ಎಲ್ಲ ಅಕ್ಷರವೂ ಎರಡು ಕಡೆ ಹೊಂದಬೇಕು. ಇಷ್ಟು ಕಟ್ಟುಪಾಡಿನಲ್ಲಿ ಉದ್ದದ ಸುಂದರ ಪದಗಳನ್ನು ಕೂರಿಸಿದ ಮೇಲೆ ನಡುವೆ ಉಳಿಯುವ ಸಂದುಗಳಿಗೆ ಮೂರು ನಾಲ್ಕು ಅಕ್ಷರದ ಪದ ಬೇಕೇ ಬೇಕು. ಸ್ವರಗಳು ಇರುವ ಪದ ಆದರೆ ಇನ್ನೂ ಒಳ್ಳೆಯದು. ಐ, ಯೆಯಾ, ಓ-ಕೆ-ಎ-ವೈ ಅಂತ ನಾಲ್ಕಕ್ಷರದಲ್ಲಿ ಬರೆಯುವ ಓಕೆ ಎಲ್ಲವೂ ಅಂಥವೇ.

ನನಗೆ ಈ ಪದಗಳ ಮೇಲೆ ಪ್ರೀತಿ ಇದೆ. ಅಪರೂಪದ ನದಿಯ ಹೆಸರು, ಯಾರೂ ಬಳಸದ ಸಂಕ್ಷೇಪ ಹಾಕಿ ಸಂದು ಮುಚ್ಚುವುದಕ್ಕಿಂತ ಜನ ದಿನವೂ ಆಡುವ ಮಾತು ಹಾಕುವುದು ಎಷ್ಟೋ ಮೇಲು. ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಮೊದಲ ‘ವರ್ಡ್-ಕ್ರಾಸ್’ ಕೊಟ್ಟಾಗ ಅದು ವಜ್ರಾಕಾರದಲ್ಲಿತ್ತು. ಮೇಲೆ ‘ಫನ್’ ಅನ್ನುವ ಮೂರಕ್ಷರವನ್ನು ತುಂಬಿಯೇ ಕೊಟ್ಟಿದ್ದರು. ಮೂರಕ್ಷರದ ಸರಳ ಪದ ಈ ಆಟದ ಜೊತೆಗೇ ಹುಟ್ಟಿದೆ. ‘ನ್ಯೂಯಾರ್ಕ್ ಟೈಮ್ಸ್’ ಬಹಳ ಕಾಲ ಇದನ್ನು ದೂರ ಇಟ್ಟು, 1942ರಲ್ಲಿ ಭಾನುವಾರದ್ದು, 1950ರಲ್ಲಿ ದಿನದ್ದು ಶುರು ಮಾಡಿತು.

ರಬ್ಬರ್‌ಪೆನ್ಸಿಲ್:
‘ಓಕೆ’ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಅದರ ಸುಳಿವುಗಳಿಗೆ ನೆರವಾಗುತ್ತದೆ. 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ನಲ್ಲಿ ಅದು ಅಚ್ಚಾಗಿದೆ. ‘ಆಲ್ ಕರೆಕ್ಟ್’ ಅನ್ನುವುದನ್ನು ಬೇಕಂತಲೇ ತಪ್ಪು ಕಾಗುಣಿತದಲ್ಲಿ ಬರೆದು ಅದರ ಮೊದಲ ಅಕ್ಷರಗಳನ್ನು ತೆಗೆದುಕೊಂಡ ತಮಾಷೆ ಅದು. ಮರುವರ್ಷ ಮಾರ್ಟಿನ್ ವಾನ್ ಬ್ಯೂರನ್ ಚುನಾವಣೆಯಲ್ಲಿ ಅವರ ‘ಓಲ್ಡ್ ಕಿಂಡರ್‌ಹುಕ್’ ಅನ್ನುವ ಅಡ್ಡಹೆಸರಿಗೂ ಅದೇ ಎರಡಕ್ಷರ ಅಂಟಿಕೊಂಡು ಊರೆಲ್ಲ ಹರಡಿತು. ಇದನ್ನೆಲ್ಲ 1960ರ ದಶಕದಲ್ಲಿ ಅಲೆನ್ ವಾಕರ್ ರೀಡ್ ಹುಡುಕಿ ತೆಗೆದರು. ಕ್ರಿಪ್ಟಿಕ್‌ನಲ್ಲಿ ಈ ಎರಡಕ್ಷರದ ‘ಓಕೆ’ಗೆ ಒಪ್ಪಿಗೆ, ಒಕ್ಲಹೋಮ ರಾಜ್ಯದ ಸಂಕ್ಷೇಪ, ‘ಪರವಾಗಿಲ್ಲ’ ಹೀಗೆ ಮೂರು ನಾಲ್ಕು ಮುಖ ಸಿಗುತ್ತದೆ.

ಟೀಚರಮ್ಮ:
ಇಷ್ಟು ಹೊತ್ತು ಇಂಗ್ಲಿಷ್ ಆಯ್ತು. ನಮ್ಮ ಪದಬಂಧದಲ್ಲಿ ಇದೇ ಸುಳಿವು ಕೊಟ್ಟರೆ ಏನಾಗುತ್ತದೆ ಅಂತ ನೋಡಿದ್ದೀರಾ? ನಮ್ಮಲ್ಲಿ ಒಂದು ಮನೆಗೆ ಒಂದು ಅಕ್ಷರ ಅಂದರೆ ಕಾಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ ಒಂದು. ದಿನವಿಡೀ ನಾವು ಅತಿ ಹೆಚ್ಚು ಆಡುವ ಒಪ್ಪಿಗೆ ಯಾವುದು? ‘ಹೂಂ’. ಅದಕ್ಕೆ ಎಷ್ಟು ಮನೆ? ಒಂದೇ. ಒಂದು ಮನೆಯ ಪದ ಪದಬಂಧದಲ್ಲಿ ಇರುವುದಿಲ್ಲ. ಅಂದರೆ ಕನ್ನಡದ ಅತಿ ಸಹಜವಾದ ‘ಹೌದು’ಗೆ ಕನ್ನಡ ಪದಬಂಧದಲ್ಲಿ ಜಾಗವೇ ಇಲ್ಲ! ‘ಹಾಂ’, ‘ಸೈ’ ಕಥೆಯೂ ಅದೇ.

ಆದರೆ ‘ಊಹೂಂ’ಗೆ ಎರಡು ಮನೆ. ಬೇಡ ಅನ್ನುವುದಕ್ಕೆ ಜಾಗ ಇದೆ, ಬೇಕು ಅನ್ನುವುದಕ್ಕೆ ಇಲ್ಲ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಕರಿಚೌಕ:
ಮೇಡಂ, ಇದು ಹೊಳೆದೇ ಇರಲಿಲ್ಲ. ಇಂಗ್ಲಿಷ್‌ನಲ್ಲೂ ಇಂಥದ್ದೇ ಜೋಡಿ ಇದೆ. ‘ಅಹ್-ಹಹ್’ ಅಂದರೆ ಹೌದು, ಐದು ಅಕ್ಷರ. ‘ಅಹ್-ಅಹ್’ ಅಂದರೆ ಇಲ್ಲ, ನಾಲ್ಕು ಅಕ್ಷರ. ನಡುವೆ ಒಂದು ಎಚ್ ಮಾತ್ರ ವ್ಯತ್ಯಾಸ. ಅಲ್ಲಿ ಎರಡಕ್ಕೂ ಜಾಗ ಸಿಕ್ಕಿದೆ.

ಧಾರವಾಡಪೇಢೆ:
ಟೀಚರಮ್ಮ, ನಮ್ಮ ಕಡೆ ಬಂದರೆ ಜಾಗ ಸಿಗತೈತ್ರಿ. ‘ಹೂನ್ರಿ’ ಅಂದರೆ ಎರಡು ಮನೆ. ‘ಹೌದ್ರಿ’ ಅಂದರೂ ಎರಡು. ಆ ‘ರಿ’ ಒಂದು ಬಂದರೆ ಸಾಕು, ಒಪ್ಪಿಗೆಗೆ ಮರ್ಯಾದೆಯೂ ಬಂತು, ಮನೆಯೂ ಬಂತು. ಸುಳಿವು ಹೀಗೆ ಕೊಡಬಹುದು: ‘ಹುಬ್ಬಳ್ಳಿಯಲ್ಲಿ ಹಿರಿಯರಿಗೆ ಹೇಳುವ ಹೌದು (2)’.

ಟೀಚರಮ್ಮ:
ಚೆನ್ನಾಗಿದೆ! ಊರಿನ ಹೆಸರು ಹಾಕಿದ್ದು ಮುಖ್ಯ. ಪ್ಯಾರಿಸ್ ಅಂದರೆ ಫ್ರೆಂಚ್ ಅಂತ ಅವರು ಹೇಗೆ ತಿಳಿಸುತ್ತಾರೋ ಹಾಗೇ ಹುಬ್ಬಳ್ಳಿ ಅಂದರೆ ಅಲ್ಲಿಯ ಮಾತು ಅಂತ ಬಿಡಿಸುವವರಿಗೆ ಗೊತ್ತಾಗಬೇಕು.

ಈಗ ಎರಡು ಮನೆಯವನ್ನು ನೋಡೋಣ. ಹೌದು, ಸರಿ, ಆಯ್ತು, ಓಕೆ, ಅಸ್ತು. ಇವುಗಳಲ್ಲಿ ಯಾವ ಎರಡಕ್ಕೂ ಒಂದೇ ಜಾಗದಲ್ಲಿ ಒಂದೇ ಅಕ್ಷರ ಇಲ್ಲ. ಒಂದು ಮನೆ ತುಂಬಿದರೆ ಸಾಕು, ಉತ್ತರ ಖಚಿತ. ಇಂಗ್ಲಿಷ್‌ನ ವೈ-ಖಾಲಿ-ಪಿ ಸಂಕಟ ನಮಗಿಲ್ಲ. ನಮ್ಮ ಒಂದೊಂದು ಅಕ್ಷರವೂ ವ್ಯಂಜನ, ಸ್ವರ ಎರಡನ್ನೂ ಹೊತ್ತುಕೊಂಡು ಬರುತ್ತದೆ. ಅದಕ್ಕೇ ನಮ್ಮ ಚೌಕಗಳಲ್ಲಿ ಕೆಲವು ಮನೆ ಒಂಟಿಯಾಗಿದ್ದರೂ ಬಿಡಿಸಲು ಆಗುತ್ತದೆ.

ತೊಂದರೆ ಬರುವುದು ಕಟ್ಟುವವರಿಗೆ. ‘ಆಯ್ತು’ ತೆಗೆದುಕೊಳ್ಳಿ. ಎರಡನೇ ಮನೆ ‘ಯ್ತು’. ಅದನ್ನು ದಾಟಿ ಹೋಗುವ ಇನ್ನೊಂದು ಪದ ಹುಡುಕಿ ನೋಡಿ. ‘ಹೋಯ್ತು’ ಸಿಗುತ್ತದೆ, ಆಮೇಲೆ ತಡಕಾಟ. ‘ಆಯಿತು’ ಅಂತ ಬಿಡಿಸಿ ಬರೆದರೆ ಮೂರು ಮನೆ, ದಾಟುವ ಪದಗಳು ಬೇಕಾದಷ್ಟು. ಆದರೆ ಸಲುಗೆ ಹೋಯಿತು. ‘ಆಯಿತು’ ಅನ್ನುವವರು ಸಭೆಯಲ್ಲಿ ಕೂತವರು, ‘ಆಯ್ತು’ ಅನ್ನುವವರು ಅಡುಗೆಮನೆಯಲ್ಲಿ ನಿಂತವರು.

ಹಳೇಹೊತ್ತಗೆ:
ಇಲ್ಲಿ ನನ್ನದೊಂದು ಆಕ್ಷೇಪ. ಪದಬಂಧಕ್ಕೆ ನಿಘಂಟು ಆಧಾರ ಇರಬೇಕು. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟದ ನಿಘಂಟು ಮಾಡಿದ್ದು ಯಾಕೆ? ‘ಹೂನ್ರಿ’, ‘ಆಯ್ತು’, ‘ಓಕೆ’ ಎಲ್ಲ ಒಪ್ಪಿಕೊಂಡರೆ ನಾಳೆ ಯಾರು ಏನು ಬೇಕಾದರೂ ಬರೆಯುತ್ತಾರೆ. ಒಬ್ಬರು ಹೂಂ, ಇನ್ನೊಬ್ಬರು ಹುಂ, ಮತ್ತೊಬ್ಬರು ಹ್ಞೂಂ. ಕಾಗುಣಿತವೇ ನಿಂತಿಲ್ಲದ ಪದಕ್ಕೆ ಬಿಡಿಸುವವರು ಹೇಗೆ ಉತ್ತರ ಬರೆಯಬೇಕು?

ಟೀಚರಮ್ಮ:
ಸರ್, ಕಾಗುಣಿತದ ಮಾತು ಪೂರ್ತಿ ಒಪ್ಪುತ್ತೇನೆ. ಒಂದೇ ರೀತಿ ಬರೆಯುವ ರೂಢಿ ಇರುವ ಪದ ಮಾತ್ರ ಬರಲಿ. ‘ಆಯ್ತು’, ‘ಓಕೆ’ ಹಾಗೆ ನಿಂತಿವೆ. ಕಥೆ ಕಾದಂಬರಿಗಳ ಸಂಭಾಷಣೆಯಲ್ಲಿ, ಪತ್ರಿಕೆಯ ನುಡಿಚಿತ್ರಗಳಲ್ಲಿ ದಿನವೂ ಓದುತ್ತೇವೆ. ಆದರೆ ಆಡುಮಾತು ಅನ್ನುವ ಒಂದೇ ಕಾರಣಕ್ಕೆ ಹೊರಗಿಡಬೇಡಿ. ಸುಳಿವಿನಲ್ಲಿ ‘ಆಡುಮಾತಿನಲ್ಲಿ’ ಅಂತ ಒಂದು ಪದ ಸೇರಿಸಿದರೆ ನ್ಯಾಯ ಆಯ್ತು. ‘ಒಪ್ಪಿಗೆ (2)’ ಅಂತ ಬರಿದೇ ಕೊಟ್ಟು ‘ಓಕೆ’ ಬಯಸಿದರೆ ಅದು ಅನ್ಯಾಯ. ‘ಫೋನಿನಲ್ಲಿ ಚುಟುಕಾಗಿ ಒಪ್ಪಿಗೆ (2)’ ಅಂದರೆ ನ್ಯಾಯ.

ಇನ್ನೊಂದು ವಿಷಯ. ನಿಘಂಟಿನ ಸಂಸ್ಕೃತ ಪದಗಳ ಮೇಲೇ ನಿಂತರೆ ಸಮ್ಮತಿ, ಅನುಮತಿ, ಅಂಗೀಕಾರ ಇವೇ ತಿರುಗಿ ತಿರುಗಿ ಬರುತ್ತವೆ. ಮಕ್ಕಳಿಗೆ ಪದಬಂಧ ಕೊಟ್ಟಾಗ ನೋಡಿದ್ದೇನೆ. ‘ಅಂಗೀಕಾರ’ ಬಂದರೆ ನನ್ನ ಮುಖ ನೋಡುತ್ತಾರೆ. ‘ಆಗಲಿ’ ಬಂದರೆ ತಾವೇ ಬರೆಯುತ್ತಾರೆ.

ಹಳೇಹೊತ್ತಗೆ:
ಸುಳಿವಿನಲ್ಲಿ ಸೂಚನೆ ಇದ್ದರೆ ನನ್ನ ತಕರಾರಿಲ್ಲ. ‘ಆಗಲಿ’ಯಂತೂ ಒಳ್ಳೆಯ ಕನ್ನಡ, ಮೂರು ಮನೆ, ದಾಟಲು ಸುಲಭ. ‘ಹೂನ್ರಿ’ ಬಗ್ಗೆ ಮಾತ್ರ ನನಗೆ ಇನ್ನೂ ಸಮಾಧಾನ ಇಲ್ಲ. ದೊಡ್ಡ ಓದುಗ ಬಳಗದ ಪತ್ರಿಕೆಯಲ್ಲಿ ಚಾಮರಾಜನಗರದವರಿಗೂ ಅದು ಹೊಳೆಯಬೇಕಲ್ಲ.

ಕಡಲತಡಿ:
ಹಾಗೆಂದರೆ ನಮ್ಮ ಕರಾವಳಿಯ ಪದ ಯಾವುದೂ ಬರುವ ಹಾಗೇ ಇಲ್ಲ ಮಾರಾಯ್ರೆ! ನಮ್ಮಲ್ಲಿ ಒಂದೇ ಬೀದಿಯಲ್ಲಿ ನಾಲ್ಕು ಬಗೆಯ ಹೌದು ಕೇಳುತ್ತದೆ. ತುಳುವಿನಲ್ಲಿ ‘ಅಂದ್’. ಹವ್ಯಕರ ಮನೆಯಲ್ಲಿ ‘ಅಪ್ಪು’. ಅಪ್ಪು ನೋಡಿ, ಎಂಥ ಒಳ್ಳೆಯ ಪದ. ಎರಡನೇ ಮನೆ ‘ಪ್ಪು’. ದಾಟಲು ಉಪ್ಪು, ಸೊಪ್ಪು, ಕಪ್ಪು, ಮುಪ್ಪು, ಎಷ್ಟು ಬೇಕು? ಸುಳಿವು: ‘ತಬ್ಬಿಕೋ ಎಂದರೆ ಹವ್ಯಕರು ಹೌದೆಂದರು (2)’. ಚಾಮರಾಜನಗರದವರಿಗೆ ಹವ್ಯಕರ ಮಾತು ಗೊತ್ತಿಲ್ಲದಿದ್ದರೂ ‘ತಬ್ಬಿಕೋ’ ಗೊತ್ತಲ್ಲ. ಅರ್ಧ ಸುಳಿವಿನಿಂದ ಬಿಡಿಸಿ, ಉಳಿದರ್ಧದಿಂದ ಹೊಸ ಮಾತು ಕಲಿಯುತ್ತಾರೆ.

ಹಳೇಹೊತ್ತಗೆ:
ಇದು ಒಪ್ಪಬೇಕಾದ ಮಾತು. ಎರಡು ಬಾಗಿಲು ಇಟ್ಟರೆ ಯಾರೂ ಹೊರಗೆ ಉಳಿಯುವುದಿಲ್ಲ.

ಕರಿಚೌಕ:
ಕಡಲತಡಿಯವರೇ, ಇದು ಅಪ್ಪಟ ಕ್ರಿಪ್ಟಿಕ್ ಸುಳಿವು. ಎರಡು ಅರ್ಥ, ಒಂದು ಪದ. ಇದೇ ದಾರಿಯಲ್ಲಿ ‘ಸರಿ’ ಇನ್ನೂ ಶ್ರೀಮಂತ. ಸರಿ ಅಂದರೆ ಒಪ್ಪಿಗೆ, ಪಕ್ಕಕ್ಕೆ ಹೋಗು, ಸಮಸಂಖ್ಯೆ, ನೇರ್ಪು. ‘ಬೆಸವಲ್ಲ, ಒಪ್ಪಿದೆ (2)’ ಅಂದರೂ ಸರಿ. ‘ಪಕ್ಕಕ್ಕೆ ಹೋಗಲು ಒಪ್ಪಿಗೆ (2)’ ಅಂದರೂ ಸರಿ. ತುಂಡಾಗಿಯೂ ಚೆನ್ನಾಗಿ ಕೂರುತ್ತದೆ. ‘ಒಪ್ಪಿಗೆಯಿಂದ ಶುರುವಾಗುವ ಸಂಗೀತ ಪಾಠ (4)’ ಅಂದರೆ ಸರಿಗಮ. ‘ಕೇಳುವ ಮೊದಲಿಗೆ ಒಪ್ಪಿಗೆ ಸೇರಿದರೆ ಬಾವುಟದ ಮೇಲಿನ ಬಣ್ಣ (3)’ ಅಂದರೆ ಕೇಸರಿ.

ಹೊಸಕೈ:
ಕೇಸರಿ ಹೇಗೆ ಬಂತು? ಸ್ವಲ್ಪ ಬಿಡಿಸಿ ಹೇಳಿ ಅಣ್ಣ.

ಕರಿಚೌಕ:
‘ಕೇಳುವ’ ಪದದ ಮೊದಲ ಅಕ್ಷರ ‘ಕೇ’. ಅದಕ್ಕೆ ಒಪ್ಪಿಗೆ, ಅಂದರೆ ‘ಸರಿ’, ಸೇರಿಸಿ. ಕೇ-ಸ-ರಿ. ನಮ್ಮ ಬಾವುಟದ ಮೇಲಿನ ಪಟ್ಟಿಯ ಬಣ್ಣ. ಸುಳಿವಿನ ಒಂದು ತುದಿಯಲ್ಲಿ ಅರ್ಥ ಇರುತ್ತದೆ, ಉಳಿದದ್ದು ಪದ ಕಟ್ಟುವ ರೀತಿ. ‘ಮೊದಲು’ ಅಂತ ಕಂಡರೆ ಮೊದಲ ಅಕ್ಷರ ತೆಗೆದುಕೊಳ್ಳುವ ಸೂಚನೆ ಇರಬಹುದು ಅಂತ ಯೋಚಿಸಿ.

ಧಾರವಾಡಪೇಢೆ:
ಅಂದಮೇಲೆ ‘ಹೂಂ’ಗೂ ಇದೇ ಉಪಾಯ ಮಾಡಬಹುದಲ್ರಿ! ಒಂಟಿಯಾಗಿ ಜಾಗ ಇಲ್ಲದಿದ್ದರೇನು, ತುಂಡಾಗಿ ಬರಲಿ. ಸೊನ್ನೆ ಬಿಟ್ಟು ‘ಹೂ’ ಅಂತಲೂ ನಾವು ಹೇಳುತ್ತೇವೆ, ಬರೆಯುತ್ತೇವೆ. ‘ಒಪ್ಪಿಗೆಯ ತೋಟ (3)’: ಹೂದೋಟ. ‘ಒಪ್ಪಿಗೆಯ ಮಾಲೆ (3)’: ಹೂಮಾಲೆ. ‘ಸೈ’ ಕೂಡ ಬಿಡಬೇಡಿ, ಸೈನಿಕನ ತಲೆಯಲ್ಲೇ ಒಪ್ಪಿಗೆ ಇದೆ.

ಟೀಚರಮ್ಮ:
ಅಬ್ಬಾ, ಹೂದೋಟ! ನನ್ನ ಬೇಜಾರು ಅರ್ಧ ಕಳೆಯಿತು. ಇನ್ನರ್ಧಕ್ಕೆ ‘ಹೂಂಗುಟ್ಟು’ ಇದೆ. ಮೂರು ಮನೆ. ಸುಳಿವು: ‘ಕಥೆ ಕೇಳುವ ಮಗುವಿನ ಕೆಲಸ (3)’. ಅಜ್ಜಿ ಕಥೆ ಹೇಳುವಾಗ ಮಗು ಹೂಂ ಅನ್ನುತ್ತಿದ್ದರೇ ಕಥೆ ಮುಂದೆ ಹೋಗುತ್ತದೆ, ನಿಂತರೆ ನಿದ್ದೆ ಬಂತು ಅಂತ ಅರ್ಥ. ಕೋಲೆಬಸವನನ್ನೂ ಬಿಡಬಾರದು. ‘ಎಲ್ಲದಕ್ಕೂ ತಲೆಯಾಡಿಸುವವನು (5)’ ಅಂದರೆ ಕೋಲೆಬಸವ. ಬಾಯಿ ಬಿಡದೆ ಒಪ್ಪುವುದಕ್ಕೆ ‘ಮೌನ’ವೂ ಬರಬಹುದು, ಮೌನಂ ಸಮ್ಮತಿ ಲಕ್ಷಣಂ ಅಂತ ಹೇಳುತ್ತೇವಲ್ಲ. ಇಂಗ್ಲಿಷ್‌ನವರು ಅಲ್ಲಿ ‘ನಾಡ್’ ಅಂತ ಮೂರಕ್ಷರ ಹಾಕುತ್ತಾರೆ.

ರಬ್ಬರ್‌ಪೆನ್ಸಿಲ್:
ಕನ್ನಡ ಪದಬಂಧ ಅಂದಾಗ ಅ.ನಾ. ಪ್ರಹ್ಲಾದ ರಾವ್ ಅವರನ್ನು ನೆನೆಯಲೇಬೇಕು. ಸಾವಿರಾರು ಪದಬಂಧ ಕಟ್ಟಿ ಲಿಮ್ಕಾ ದಾಖಲೆ ಪುಸ್ತಕ ಸೇರಿದವರು. ಅಷ್ಟು ಪದಬಂಧಕ್ಕೆ ಅದರ ಎಷ್ಟೋ ಪಟ್ಟು ಸುಳಿವು ಬೇಕು, ಒಂದೇ ಪದಕ್ಕೆ ಮತ್ತೆ ಮತ್ತೆ ಹೊಸ ಸುಳಿವು ಹುಡುಕಬೇಕು. ‘ಸರಿ’ಯಂಥ ಎರಡಕ್ಷರಕ್ಕೆ ಹೊಸ ಮುಖ ಕಾಣುವುದೇ ನಿಜವಾದ ಕೆಲಸ.

ಮೂಲೆಮನೆ:
ಎಲ್ಲರಿಗೂ ಧನ್ಯವಾದ. ನಾನೂ ಒಂದು ಪ್ರಯತ್ನ ಮಾಡಿದ್ದೇನೆ, ನೋಡಿ ಹೇಳಿ. ‘ಮುಗಿಯಿತು ಎಂದು ಒಪ್ಪಿದ (2)’. ಉತ್ತರ ‘ಆಯ್ತು’. ಇನ್ನೊಂದು: ‘ದೇವರ ಒಪ್ಪಿಗೆ (3)’. ಉತ್ತರ ‘ತಥಾಸ್ತು’.

ಕರಿಚೌಕ:
ಎರಡನೆಯದು ಚೊಕ್ಕವಾಗಿದೆ. ‘ಸ್ತು’ ಮನೆಯನ್ನು ದಾಟಲು ಶಿಸ್ತು, ಸುಸ್ತು, ವಸ್ತು ಎಲ್ಲ ಇವೆ.

ಮೊದಲನೆಯದರಲ್ಲಿ ಒಂದು ಕುಂದು. ‘ಒಪ್ಪಿದ’ ಕ್ರಿಯಾಪದ, ‘ಆಯ್ತು’ ಬಾಯಿಂದ ಬರುವ ಉದ್ಗಾರ. ವ್ಯಾಕರಣ ಹೊಂದುತ್ತಿಲ್ಲ. ಸುಳಿವಿನ ಜಾಗದಲ್ಲಿ ಉತ್ತರವನ್ನು ಇಟ್ಟು ಓದಿದರೆ ವಾಕ್ಯ ನಿಲ್ಲಬೇಕು. ‘ಮುಗಿಯಿತು, ಸರಿಯಪ್ಪ (2)’ ಅಂತ ಮಾಡಿದರೆ ಎರಡೂ ಕಡೆ ‘ಆಯ್ತು’ ಕೂರುತ್ತದೆ. ಆಡುಮಾತಿನ ಸೂಚನೆಯನ್ನು ‘ಅಪ್ಪ’ ಕೊಟ್ಟುಬಿಡುತ್ತದೆ, ಬೇರೆ ಹೇಳುವುದೇ ಬೇಡ.

ಟೀಚರಮ್ಮ:
‘ಸರಿಯಪ್ಪ’ ತುಂಬಾ ಚೆನ್ನಾಗಿದೆ. ಮೂಲೆಮನೆಯವರೇ, ‘ಯ್ತು’ ಮನೆಗೆ ‘ಹೋಯ್ತು’ ಹಾಕಿ ಒಂದು ಚಿಕ್ಕ ಐದಕ್ಕೆ ಐದು ಚೌಕ ಕಟ್ಟಿ ಇಲ್ಲಿ ಹಾಕಿ. ಬಲಗಡೆ ಕೆಳಮೂಲೆಯಲ್ಲಿ ‘ಹೂದೋಟ’ಕ್ಕೆ ಜಾಗ ಬಿಡಿ. ‘ಟ’ದಲ್ಲಿ ಕೊನೆಯಾಗುವ ಮೂರಕ್ಷರದ ಪದ ಬೇಕಾದರೆ ‘ಸಂಕಟ’ ಇದೆ, ‘ಮುಕುಟ’ ಇದೆ.